ಗ್ಯಾರಿಯೋಖ್ ಮೇಷ್ಟ್ರು ಮತ್ತು ಊರ ಮಾತು

ಸಿಸಿಫಸ್ ಕಥೆ ನಿಮಗೆ ಗೊತ್ತಿರುತ್ತೆ. ಗ್ರೀಕ್ ಪುರಾಣದ ಒಬ್ಬ ರಾಜ. ದೇವತೆಗಳಿಗೇ ಟೋಪಿ ಹಾಕಿದ್ದಕ್ಕೆ ಪಾತಾಳದಲ್ಲಿ ಶಿಕ್ಷೆ ಆಗುತ್ತೆ: ದೊಡ್ಡ ಬಂಡೆಯೊಂದನ್ನ ಗುಡ್ಡದ ತುದಿಗೆ ಉರುಳಿಸಿಕೊಂಡು ಹೋಗಬೇಕು. ತುದಿ ಮುಟ್ಟೋ ಹೊತ್ತಿಗೆ ಬಂಡೆ ಜಾರಿ ಕೆಳಕ್ಕೆ. ಮತ್ತೆ ಮೊದಲಿಂದ. ಎಡಿನ್‌ಬರೋದ ಒಬ್ಬ ಸ್ಕೂಲ್ ಮೇಷ್ಟ್ರು ಈ ಕಥೆಯನ್ನ ಸ್ಕಾಟ್ಸ್ ಭಾಷೆಯಲ್ಲಿ ಪದ್ಯ ಮಾಡಿದರು. ಛಂದಸ್ಸು ಮಾತ್ರ ಹೋಮರ್ ಕಾಲದ್ದು. ಅವರ ಸಿಸಿಫಸ್ ಏದುಸಿರು ಬಿಟ್ಟುಕೊಂಡು ಬಂಡೆಯನ್ನ ತುದಿಗೆ ತರ್ತಾನೆ, ಬಂಡೆ ಅಲ್ಲೇ ನಿಂತುಬಿಡುತ್ತೆ! ಸರಿ ಅಂತ ಕೂತು ಬುತ್ತಿ ಬಿಚ್ಚಿ ಬ್ರೆಡ್ಡು ಚೀಸು ತಿಂತಾನೆ. ತಿಂತಾ ತಿಂತಾ ಯೋಚನೆ ಹತ್ತುತ್ತೆ: ಕೆಲಸ ಮುಗಿದುಹೋದರೆ ನಾಳೆಯಿಂದ ನನ್ನ ಗತಿ? ಬಂಡೆಗೆ ಮೆಲ್ಲಗೆ ಒಂದು ತಳ್ಳು. ಬಂಡೆ ಧಡಧಡ ಅಂತ ಕೆಳಗೆ. ತಿಂಗಳ ಚೆಕ್ಕು ಗ್ಯಾರಂಟಿ ಆಯ್ತು.

ಆ ಮೇಷ್ಟ್ರ ಹೆಸರು ರಾಬರ್ಟ್ ಗ್ಯಾರಿಯೋಖ್. ಪೂರ್ತಿ ಹೆಸರು ರಾಬರ್ಟ್ ಗ್ಯಾರಿಯೋಖ್ ಸದರ್‌ಲೆಂಡ್. 1909ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡರು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಓದೋಕೆ ಇದಕ್ಕಿಂತ ಒಳ್ಳೆ ಪದ್ಯ ನಾನಂತೂ ಕಂಡಿಲ್ಲ. ಆದರೆ ನಾನಿಲ್ಲಿ ಬರೀತಿರೋದು ಕೆಲಸ ಸಂಬಳದ ಬಗ್ಗೆ ಅಲ್ಲ. ನನ್ನ ವಾದವನ್ನ ಮೊದಲೇ ಹೇಳಿಬಿಡ್ತೀನಿ, ಒಪ್ಪದಿದ್ದವರು ಕಾರಣ ಹುಡುಕ್ತಾ ಓದಬಹುದು. ಊರ ಮಾತನ್ನ ನಾವು ಮುದ್ದು ಮಾಡ್ತೀವಿ, ಸ್ಕಿಟ್‌ನಲ್ಲಿ ಬಳಸಿ ನಗಿಸ್ತೀವಿ, ಆದರೆ ಭಾರದ ಕೆಲಸ ಒಂದನ್ನೂ ಅದಕ್ಕೆ ಹೊರಿಸೋದಿಲ್ಲ. ಅನುವಾದ ಅಂದ ಕೂಡಲೇ ಎಲ್ಲರೂ ಒಂದೇ ಪಠ್ಯಪುಸ್ತಕದ ಕನ್ನಡಕ್ಕೆ ಹೋಗ್ತೀವಿ. ನಮ್ಮ ಪತ್ರಿಕೆಯ ಅನುವಾದದ ಪುಟಗಳೇ ಇದಕ್ಕೆ ಸಾಕ್ಷಿ. ಗ್ಯಾರಿಯೋಖ್ ಮೇಷ್ಟ್ರು ಜೀವಮಾನವಿಡೀ ಇದಕ್ಕೆ ಉಲ್ಟಾ ಕೆಲಸ ಮಾಡಿದರು.

ಮೊದಲು ಸ್ಕಾಟ್ಸ್ ಅಂದ್ರೆ ಏನು ಅನ್ನೋದು. ತುಂಬಾ ಜನ 'ಸ್ಕಾಟ್ಲೆಂಡ್ ಆಕ್ಸೆಂಟ್‌ನ ಇಂಗ್ಲಿಷ್' ಅಂದುಕೊಳ್ತಾರೆ. ಇನ್ನು ಕೆಲವರು ಗೇಲಿಕ್ ಜೊತೆ ಸೇರಿಸ್ತಾರೆ. ಎರಡೂ ಅಲ್ಲ. ಗೇಲಿಕ್ ಬೇರೆ ಕುಟುಂಬದ ಭಾಷೆ, ಉತ್ತರದ ಬೆಟ್ಟ ದ್ವೀಪಗಳದ್ದು. ಸ್ಕಾಟ್ಸ್ ಹಳೆಯ ಇಂಗ್ಲಿಷಿನ ಉತ್ತರದ ಕವಲಿಂದ ಬೆಳೆದದ್ದು, ಇಂದಿನ ಇಂಗ್ಲಿಷಿಗೆ ತಂಗಿ ಇದ್ದ ಹಾಗೆ. ಒಂದು ಕಾಲದಲ್ಲಿ ಅದು ರಾಜಸಭೆಯ ಭಾಷೆ, ಕಾನೂನಿನ ಭಾಷೆ. 1513ರಲ್ಲಿ ಗ್ಯಾವಿನ್ ಡಗ್ಲಸ್ ಅನ್ನೋ ಕವಿ ವರ್ಜಿಲ್‌ನ ಇಡೀ ಮಹಾಕಾವ್ಯವನ್ನ ಲ್ಯಾಟಿನ್‌ನಿಂದ ಸ್ಕಾಟ್ಸ್‌ಗೆ ತಂದು ಮುಗಿಸಿದ್ದರು. ಆಗ ಲಂಡನ್ನಿನ ಇಂಗ್ಲಿಷ್‌ನಲ್ಲಿ ಆ ಕಾವ್ಯದ ಪೂರ್ತಿ ಅನುವಾದ ಇನ್ನೂ ಇರಲಿಲ್ಲ. ಅಂದರೆ ಈ ಭಾಷೆಗೆ ಅನುವಾದದ ದೊಡ್ಡ ಹೊರೆ ಹೊತ್ತ ಅನುಭವ ಇತ್ತು.

ಆಮೇಲೆ ಮೂರು ಪೆಟ್ಟು ಬಿತ್ತು. 1560ರ ಧರ್ಮಸುಧಾರಣೆ ಆದಾಗ ಚರ್ಚಿಗೆ ಬಂದ ಬೈಬಲ್ ಇಂಗ್ಲಿಷಿನದು, ಸ್ಕಾಟ್ಸ್‌ನದಲ್ಲ. ದೇವರು ಇಂಗ್ಲಿಷ್ ಮಾತಾಡೋಕೆ ಶುರು ಮಾಡಿದ ಅನ್ನಿ. 1603ರಲ್ಲಿ ರಾಜ ಆರನೇ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನವೂ ಸಿಕ್ಕಿತು ಅಂತ ಲಂಡನ್ನಿಗೆ ಹೋದ, ಅವನ ಹಿಂದೆ ಆಸ್ಥಾನವೂ ಹೋಯಿತು. 1707ರಲ್ಲಿ ಎಡಿನ್‌ಬರೋದ ಸಂಸತ್ತೂ ಮುಚ್ಚಿತು. ಹದಿನೆಂಟನೇ ಶತಮಾನದ ವಿದ್ಯಾವಂತರು ತಮ್ಮ ಮಾತಲ್ಲಿ ನುಸುಳೋ ಸ್ಕಾಟ್ಸ್ ಪದಗಳ ಪಟ್ಟಿ ಮಾಡಿ ಅವನ್ನ ಬಳಸಬಾರದು ಅಂತ ಎಚ್ಚರ ವಹಿಸ್ತಿದ್ದರು. ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೂಡ ಅಂಥದೊಂದು ಪಟ್ಟಿ ಮಾಡಿದ್ದರು. 1946ರಲ್ಲಿ ಬಂದ ಪ್ರಾಥಮಿಕ ಶಿಕ್ಷಣದ ಸರ್ಕಾರಿ ವರದಿಯೊಂದು ಸ್ಕಾಟ್ಸ್ ಓದಿದವರ ಭಾಷೆ ಅಲ್ಲ, ಶಿಕ್ಷಣಕ್ಕಾಗಲಿ ಸಂಸ್ಕೃತಿಗಾಗಲಿ ಯೋಗ್ಯವಲ್ಲ ಅನ್ನೋ ಅರ್ಥದಲ್ಲಿ ಬರೆಯಿತು. 1946! ಗ್ಯಾರಿಯೋಖ್ ಅಷ್ಟರಲ್ಲಿ ಮೇಷ್ಟ್ರು, ಜೊತೆಗೆ ಸ್ಕಾಟ್ಸ್ ಕವಿ. ಅವರಿಗೆ ಸಂಬಳ ಕೊಡೋ ಶಿಕ್ಷಣ ವ್ಯವಸ್ಥೆಯ ಲೆಕ್ಕದಲ್ಲಿ ಅವರು ಕವಿತೆ ಬರೆಯೋ ಭಾಷೆಗೆ ಯೋಗ್ಯತೆಯೇ ಇರಲಿಲ್ಲ.

ಅವರ ಬದುಕಲ್ಲಿ ಸಿನಿಮಾ ಮಾಡುವಂಥದ್ದು ಕಡಿಮೆ. ಅಪ್ಪ ಮನೆಗಳಿಗೆ ಬಣ್ಣ ಹೊಡೆಯೋ ಪೇಂಟರ್, ಅಮ್ಮ ಸಂಗೀತದ ಟೀಚರ್. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದಿದರು. 1940ರಲ್ಲಿ ಗೇಲಿಕ್ ಕವಿ ಸೋರ್ಲಿ ಮೆಕ್ಲೀನ್ ಜೊತೆ ಸೇರಿ ಒಂದು ಪುಟ್ಟ ಪುಸ್ತಕ ತಂದರು. ಹದಿನೇಳು ಪದ್ಯ, ಬೆಲೆ ಆರು ಪೆನ್ಸ್, ಪುಸ್ತಕದ ಹೆಸರೂ ಅದೇ: 'ಆರು ಪೆನ್ಸ್‌ಗೆ 17 ಪದ್ಯ' ಅನ್ನೋ ಥರ. ಪ್ರಕಾಶಕರಿಗೆ ಕಾಯಲಿಲ್ಲ, ಗ್ಯಾರಿಯೋಖ್ ತಮ್ಮ ಕೈ ಅಚ್ಚಿನ ಯಂತ್ರದಲ್ಲೇ ಮುದ್ರಿಸಿದರು. ಮುಂದೆ ಮೆಕ್ಲೀನ್ ಇಪ್ಪತ್ತನೇ ಶತಮಾನದ ಅತಿ ದೊಡ್ಡ ಗೇಲಿಕ್ ಕವಿ ಅನ್ನಿಸಿಕೊಂಡರು. ನಮ್ಮ ಸಂಘದ ಮೊದಲ ಸಂಚಿಕೆಗಳು ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟಿದ್ದನ್ನ ಸೀನಿಯರ್‌ಗಳು ಹೇಳುವಾಗ ನನಗೆ ಈ ಆರು ಪೆನ್ಸಿನ ಪುಸ್ತಕ ನೆನಪಾಗುತ್ತೆ.

ಆಮೇಲೆ ಯುದ್ಧ. ಸೈನ್ಯಕ್ಕೆ ಕರೆ ಬಂತು, 1942ರಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆ ಸಿಕ್ಕರು. ಇಟಲಿ, ಆಮೇಲೆ ಜರ್ಮನಿಯ ಸೆರೆಶಿಬಿರಗಳಲ್ಲಿ 1945ರವರೆಗೆ ಇದ್ದರು. ಚಳಿ, ಹಸಿವು, ಒಂದು ಕಂಬಳಿ ಹಂಚಿಕೊಳ್ಳೋ ಜಗಳ. ಈ ಅನುಭವವನ್ನ ಮೂವತ್ತು ವರ್ಷ ಬಿಟ್ಟು, 1975ರಲ್ಲಿ, ಗದ್ಯದ ಪುಸ್ತಕವಾಗಿ ಬರೆದರು. ಯುದ್ಧ ಮುಗಿದ ಮೇಲೆ ಲಂಡನ್, ಕೆಂಟ್ ಕಡೆ ಮೇಷ್ಟ್ರಾಗಿದ್ದು 1959ರಲ್ಲಿ ಎಡಿನ್‌ಬರೋಗೆ ವಾಪಸ್ಸು. 1964ರಲ್ಲಿ ಅವಧಿಗೆ ಮುಂಚೆಯೇ ನಿವೃತ್ತಿ. ಆ ಕೆಲಸದ ಬಗ್ಗೆ ಅವರಿಗಿದ್ದ ಪ್ರೀತಿ ಎಷ್ಟು ಅಂತ ತಿಳಿಯೋಕೆ ಒಂದು ಪದ್ಯ ಸಾಕು. ಹದಿನಾರನೇ ಶತಮಾನದ ಸ್ಕಾಟಿಷ್ ವಿದ್ವಾಂಸ ಜಾರ್ಜ್ ಬ್ಯುಕ್ಯಾನನ್ ಪ್ಯಾರಿಸ್‌ನಲ್ಲಿ ಪಾಠ ಹೇಳೋವಾಗಿನ ಪಾಡನ್ನ ಲ್ಯಾಟಿನ್‌ನಲ್ಲಿ ತೋಡಿಕೊಂಡಿದ್ದರು. ನಾನೂರು ವರ್ಷದ ಮೇಲೆ ಗ್ಯಾರಿಯೋಖ್ ಅದಕ್ಕೆ ಸ್ಕಾಟ್ಸ್‌ನಲ್ಲಿ ಉತ್ತರ ಬರೆದರು. ಸಾರಾಂಶ: ಸ್ವಾಮೀ, ನಿಮ್ಮ ಕಾಲಕ್ಕಿಂತ ಏನೂ ಬದಲಾಗಿಲ್ಲ. ಮೇಷ್ಟ್ರಾಗಬೇಕು ಅಂತಿರೋ ಹುಡುಗರಿಗೆ, ಓಡಿಹೋಗಿ ಅನ್ನೋ ಬುದ್ಧಿಮಾತೂ ಅದರಲ್ಲಿದೆ. ಅದೇ ಬ್ಯುಕ್ಯಾನನ್ ಬರೆದ ಎರಡು ಲ್ಯಾಟಿನ್ ನಾಟಕಗಳನ್ನ ಗ್ಯಾರಿಯೋಖ್ ಸ್ಕಾಟ್ಸ್‌ಗೆ ಅನುವಾದಿಸಿ 1959ರಲ್ಲಿ ಪ್ರಕಟಿಸಿದರು. ಬ್ಯುಕ್ಯಾನನ್ ಯುರೋಪಿಗೆಲ್ಲ ತಿಳಿಯಲಿ ಅಂತ ಲ್ಯಾಟಿನ್‌ನಲ್ಲಿ ಬರೆದರು. ಗ್ಯಾರಿಯೋಖ್ ಅದನ್ನ ಊರಿಗೆ ವಾಪಸ್ ಕರೆದುಕೊಂಡು ಬಂದರು.

ಈಗ ಅಸಲಿ ವಿಷಯಕ್ಕೆ ಬರ್ತೀನಿ, ಬೆಲ್ಲಿ.

ಜುಸೆಪ್ಪೆ ಜೋಕಿನೋ ಬೆಲ್ಲಿ, 1791ರಿಂದ 1863, ರೋಮ್ ನಗರದವರು. ಪೋಪ್ ಆಳ್ವಿಕೆಯಲ್ಲಿ ಸರ್ಕಾರಿ ನೌಕರ. ಹಗಲು ಫೈಲು ನೋಡೋ ಈ ಗುಮಾಸ್ತ 2,279 ಸಾನೆಟ್ ಬರೆದರು. ಸಾನೆಟ್ ಅಂದ್ರೆ ಹದಿನಾಲ್ಕು ಸಾಲಿನ, ಬಿಗಿ ಪ್ರಾಸದ ಪದ್ಯ. ಅಷ್ಟೂ ಇಟಲಿಯ ಶಿಷ್ಟ ಭಾಷೆಯಲ್ಲಲ್ಲ, ರೋಮ್‌ನ ಬೀದಿ ಮಾತಿನಲ್ಲಿ. ಮಾತಾಡೋರು ಯಾರು? ಗಾಡಿ ಹೊಡೆಯೋನು, ಬಟ್ಟೆ ಒಗೆಯೋಳು, ಜಗಳಗಂಟಿ ಅತ್ತೆ, ಬಡ ತಾಯಿ, ಪಾದ್ರಿಯ ಆಳು. ಪೋಪ್ ಬಗ್ಗೆ ಅವರು ಆಡೋ ಮಾತು ಬಾಯಿಬಿಟ್ಟು ಹೇಳುವಂಥದ್ದಲ್ಲ. ಅಚ್ಚು ಹಾಕಿಸೋ ಧೈರ್ಯ ಬೆಲ್ಲಿಗೆ ಇರಲಿಲ್ಲ. ಕೊನೆಗೆ ಎಲ್ಲಾ ಸುಟ್ಟುಬಿಡಿ ಅಂದರಂತೆ, ಅವರ ಗೆಳೆಯರಾಗಿದ್ದ ಒಬ್ಬ ಪಾದ್ರಿಯೇ ಉಳಿಸಿದರು! ಒಂದು ಪ್ರಸಿದ್ಧ ಸಾನೆಟ್‌ನಲ್ಲಿ ಕಾಫಿ ಅಂಗಡಿಯವನೊಬ್ಬ ತತ್ವ ಹೇಳ್ತಾನೆ. ಲೋಕದ ಜನ ಅಂದ್ರೆ ಬೀಸೋ ಯಂತ್ರದೊಳಗಿನ ಕಾಫಿ ಬೀಜ ಇದ್ದ ಹಾಗೆ. ಒಂದು ಮೊದಲು, ಒಂದು ಆಮೇಲೆ. ದೊಡ್ಡ ಬೀಜ ಸಣ್ಣದನ್ನ ತಳ್ಳುತ್ತೆ, ಬಾಯಿ ಹತ್ತಿರ ನೂಕುನುಗ್ಗಲು, ಕೊನೆಗೆ ಎಲ್ಲವೂ ಹೋಗೋದು ಅದೇ ಕಬ್ಬಿಣದ ಹಲ್ಲಿಗೆ.

ಇಂಥ ಪದ್ಯವನ್ನ ಶಿಷ್ಟ ಇಂಗ್ಲಿಷಿಗೆ ತಂದರೆ ಏನಾಗುತ್ತೆ? ಕಾಫಿ ಅಂಗಡಿಯವನು ಪ್ರೊಫೆಸರ್ ಆಗಿಬಿಡ್ತಾನೆ. ಪದ್ಯದ ಅರ್ಧ ಅರ್ಥ ಇರೋದೇ ಯಾರು ಮಾತಾಡ್ತಿದಾರೆ ಅನ್ನೋದರಲ್ಲಿ. ಮೇಲೆ ಒಂದು ಅಧಿಕೃತ ಭಾಷೆ ಕೂತಿದೆ, ಅದರ ಕೆಳಗಿನಿಂದ, ಓರೆಗಣ್ಣಲ್ಲಿ ನೋಡ್ತಾ ಇವನು ಮಾತಾಡ್ತಿದಾನೆ. ಆ ಮೇಲೆ-ಕೆಳಗೆ ಅನ್ನೋ ಸಂಬಂಧವೇ ಅನುವಾದದಲ್ಲಿ ಸತ್ತುಹೋದರೆ ಉಳಿಯೋದು ಬರೀ ಜೋಕು. ಗ್ಯಾರಿಯೋಖ್‌ಗೆ ಈ ಸಂಬಂಧವನ್ನ ಹುಡುಕಬೇಕಾಗಿರಲಿಲ್ಲ, ಅವರ ಕೈಯಲ್ಲೇ ಇತ್ತು. ರೋಮ್‌ನ ಬೀದಿ ಮಾತಿಗೂ ಶಿಷ್ಟ ಇಟಾಲಿಯನ್‌ಗೂ ಇರೋ ನಂಟು, ಎಡಿನ್‌ಬರೋದ ಸ್ಕಾಟ್ಸ್‌ಗೂ ಶಾಲೆಯ ಇಂಗ್ಲಿಷಿಗೂ ಇರೋ ನಂಟಿಗೆ ತೀರಾ ಹತ್ತಿರ. ಇಟಾಲಿಯನ್ ಚೆನ್ನಾಗಿ ಬಲ್ಲವರ ನೆರವು ಪಡೆದು ಸುಮಾರು 120 ಸಾನೆಟ್‌ಗಳನ್ನ ಸ್ಕಾಟ್ಸ್‌ಗೆ ತಂದರು. ಪ್ರಾಸವನ್ನೂ ಬಿಡಲಿಲ್ಲ, ಹದಿನಾಲ್ಕು ಸಾಲನ್ನೂ ಬಿಡಲಿಲ್ಲ.

ಒಂದು ವಿಷಯ ಗಮನಿಸಿ. ಅವರು ರೋಮ್‌ ಅನ್ನು ಎಡಿನ್‌ಬರೋ ಮಾಡಲಿಲ್ಲ. ಪೋಪ್ ಪೋಪೇ, ಕಾರ್ಡಿನಲ್ ಕಾರ್ಡಿನಲ್ಲೇ. ಬದಲಾದದ್ದು ದನಿ ಮಾತ್ರ. ನಮ್ಮಲ್ಲಿ ಬಿ.ಎಂ.ಶ್ರೀ ಮಾಡಿದ್ದು ಇನ್ನೊಂದು ಬಗೆ. 'ಇಂಗ್ಲಿಷ್ ಗೀತಗಳು' ಸಂಕಲನದ 'ಕಾರಿಹೆಗ್ಗಡೆಯ ಮಗಳು' ಹೈಸ್ಕೂಲಲ್ಲಿ ಓದಿದ್ದೀರಲ್ಲ? ಅದರ ಮೂಲ ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮಸ್ ಕ್ಯಾಂಪ್‌ಬೆಲ್ ಇಂಗ್ಲಿಷಿನಲ್ಲಿ ಬರೆದ, ಸ್ಕಾಟ್ಲೆಂಡಿನ ಬೆಟ್ಟದ ನಾಡಿನ ಕಥೆ. ಶ್ರೀಯವರ ಕೈಯಲ್ಲಿ ಅಲ್ಲಿನ ಲಾರ್ಡ್ ಹೆಗ್ಗಡೆಯಾದ, ನಾಡಿನೊಡೆಯ ಗೌಡನಾದ, ದೋಣಿಯವನು ತೊರೆಯನಾದ. ಊರೂ ಬದಲಾಯಿತು, ದನಿಯೂ ಬದಲಾಯಿತು. ಎರಡೂ ಸರಿಯಾದ ದಾರಿಯೇ. ಆದರೆ ಶ್ರೀಯವರ ಪದ್ಯದ ಕನ್ನಡ ಮೂಲದಂತೆಯೇ ಎಲ್ಲರಿಗೂ ಸಲ್ಲುವ ಕಾವ್ಯದ ಭಾಷೆ, ಒಂದು ಕೇರಿಯ ಮಾತಲ್ಲ. ಗ್ಯಾರಿಯೋಖ್ ಮಾಡಿದ್ದು ಕೇರಿಯಿಂದ ಕೇರಿಗೆ ನೇರ ರಸ್ತೆ. ನೆಟ್‌ವರ್ಕಿಂಗ್ ಓದೋರಿಗೆ ಹೇಳೋದಾದರೆ, ಎಲ್ಲಾ ಪ್ಯಾಕೆಟ್ಟೂ ರಾಜಧಾನಿಯ ಸರ್ವರ್ ಮುಟ್ಟಿಯೇ ಹೋಗಬೇಕು ಅನ್ನೋ ನಿಯಮವನ್ನ ಅವರು ಕೇಳಲೇ ಇಲ್ಲ.

ಇದು ಅವರೊಬ್ಬರ ಹುಚ್ಚೂ ಅಲ್ಲ. ಗ್ಲಾಸ್ಗೋದ ಎಡ್ವಿನ್ ಮಾರ್ಗನ್ ರಷ್ಯಾದ ಮಯಕೋವ್‌ಸ್ಕಿಯ ಪದ್ಯಗಳನ್ನ ಸ್ಕಾಟ್ಸ್‌ಗೆ ತಂದು 1972ರಲ್ಲಿ ಪುಸ್ತಕ ಮಾಡಿದರು. 1992ರಲ್ಲಿ ಫ್ರೆಂಚ್ ನಾಟಕ 'ಸಿರಾನೋ'ಗೆ ಗ್ಲಾಸ್ಗೋ ಬೀದಿಯ ನಾಲಿಗೆ ಕೊಟ್ಟರು. ಗ್ರೀಕ್ ಪ್ರೊಫೆಸರ್ ವಿಲಿಯಂ ಲಾರಿಮರ್ ಕಡೇ ವರ್ಷಗಳನ್ನ ಹೊಸ ಒಡಂಬಡಿಕೆಯ ಅನುವಾದಕ್ಕೇ ಕೊಟ್ಟು 1967ರಲ್ಲಿ ತೀರಿಕೊಂಡರು. ಮಗ ಅದನ್ನ ಅಚ್ಚಿಗೆ ಸಿದ್ಧ ಮಾಡಿ 1983ರಲ್ಲಿ ಹೊರತಂದರು. 1560ರಲ್ಲಿ ತಪ್ಪಿದ ಬಸ್ಸು 1983ರಲ್ಲಿ ಬಂತು. ಆ ಪುಸ್ತಕದ ಅನುಬಂಧದಲ್ಲಿ ಒಂದು ತಮಾಷೆ ಇದೆ: ಸೈತಾನ ಯೇಸುವನ್ನ ಪರೀಕ್ಷಿಸೋ ಭಾಗದ ಇನ್ನೊಂದು ರೂಪದಲ್ಲಿ ಸೈತಾನ ಒಬ್ಬನೇ ಶುದ್ಧ ಇಂಗ್ಲಿಷ್ ಮಾತಾಡ್ತಾನೆ. ಶಾಲಾ ಇನ್ಸ್‌ಪೆಕ್ಟರುಗಳ ಮೇಲೆ ಇದಕ್ಕಿಂತ ಒಳ್ಳೆ ಸೇಡು ಇಲ್ಲ.

ಇಲ್ಲಿ ನೀವು ಕೇಳಬಹುದು, ಊರ ಮಾತು ತಮಾಷೆಗೇ ಅಲ್ವಾ ಸರಿ ಹೊಂದೋದು? ನಮ್ಮ ಕಾಲೇಜ್ ಡೇ ಸ್ಕಿಟ್ ನೋಡಿದರೆ ಹಾಗೇ ಅನ್ನಿಸುತ್ತೆ. ಹೀರೋ ಹೀರೋಯಿನ್ ಮಾತಾಡೋದು ಟೀವಿ ಕನ್ನಡ. ಬೈಸಿಕೊಳ್ಳೋ ವಾಚ್‌ಮನ್ ಹುಬ್ಬಳ್ಳಿಯವನು, ಲೆಕ್ಕದಲ್ಲಿ ಜುಗ್ಗತನ ಮಾಡೋನು ಮಂಗಳೂರಿನವನು, ದಡ್ಡ ಹುಡುಗ ಚಾಮರಾಜನಗರದವನು. ಆಡಿಟೋರಿಯಂ ತುಂಬಾ ಶಿಳ್ಳೆ. ಸ್ಕಾಟ್ಲೆಂಡಿನಲ್ಲೂ ಇದೇ ಆಗಿತ್ತು. ಕಿಲ್ಟು ತೊಟ್ಟು, ಸೊಟ್ಟ ಕೋಲು ಹಿಡಿದು, ಸ್ಕಾಟ್ಸ್ ಮಾತಾಡಿ ನಗಿಸೋ ಹ್ಯಾರಿ ಲಾಡರ್‌ನಂಥ ಕಲಾವಿದರು ಲೋಕಪ್ರಸಿದ್ಧರಾಗಿದ್ದರು. ಜನ ಪ್ರೀತಿಸಿದರು, ನಿಜ. ಆದರೆ ಆ ಭಾಷೆ ಅಂದ್ರೆ ನಗು ಅನ್ನೋದು ಗಟ್ಟಿಯಾಯಿತು.

ಗ್ಯಾರಿಯೋಖ್ ಕೂಡ ನಗಿಸ್ತಾರೆ. ಎಡಿನ್‌ಬರೋ ಉತ್ಸವದ ಬಗ್ಗೆ ಅವರು ಬರೆದ ಪದ್ಯ ನಗಿಸೋದಕ್ಕೇ ಇರೋದು. ಊರಿನ ಹೆಸರನ್ನ 'ಎಂಬ್ರೋ' ಅಂತಲೇ ಬರೀತಾರೆ, ನಾವು ತುಮ್ಕೂರು, ಬೆಂಗ್ಳೂರು ಅಂದ ಹಾಗೆ. ಆದರೆ ಅಲ್ಲಿ ನಗೆಗೆ ಸಿಕ್ಕಿಬೀಳೋನು ಊರ ಮಾತು ಆಡೋನಲ್ಲ. ಟೈ ಕಟ್ಟಿಕೊಂಡು ಬಂದ ಗಣ್ಯರು, ನಗರಸಭೆಯ ದೊಡ್ಡ ಮನುಷ್ಯರು, ಬೇಸಿಗೆಗೆ ಮಾತ್ರ ಕಲಾರಸಿಕರಾಗೋ ಜನ. ನಗೆಯ ದಿಕ್ಕು ಬದಲಾದರೆ ಭಾಷೆಯ ಸ್ಥಾನವೂ ಬದಲಾಗುತ್ತೆ. ನಮ್ಮಲ್ಲಿ ರಾಜರತ್ನಂ 1930ರ ದಶಕದ ಶುರುವಿನಲ್ಲೇ ಇದನ್ನ ಮಾಡಿದ್ದರು. 'ರತ್ನನ ಪದಗಳು' ಓದಿ ನಾವು ಕುಡುಕ ರತ್ನನ ಜೊತೆ ನಗ್ತೀವೇ ಹೊರತು ಅವನನ್ನ ನೋಡಿ ನಗೋದಿಲ್ಲ.

ನಗುವಿನ ಹೊರಗೂ ಮೇಷ್ಟ್ರು ಸ್ಕಾಟ್ಸ್ ಅನ್ನ ಕರೆದುಕೊಂಡು ಹೋದರು. ಸೆರೆಶಿಬಿರದ ನೆನಪಿನಿಂದ ಬಂದ 'ದ ವೈರ್' ಅನ್ನೋ ದೀರ್ಘ ಪದ್ಯದಲ್ಲಿ ಬಯಲು, ಮುಳ್ಳುತಂತಿ, ಗೋಪುರದ ಮೇಲೆ ಬಂದೂಕು ಹಿಡಿದ ಕಾವಲುಗಾರರು. ಅದರಲ್ಲಿ ನಗೋಕೆ ಏನೂ ಇಲ್ಲ. 'ದ ಮ್ಯೂರ್' ಅನ್ನೋದು ಇನ್ನೂ ಉದ್ದದ ಪದ್ಯ, ಅದರ ವಿಷಯ ಪರಮಾಣು ಭೌತಶಾಸ್ತ್ರ. ಹೌದು, ಫಸ್ಟ್ ಸೆಮ್ ಫಿಸಿಕ್ಸ್‌ನಲ್ಲಿ ನಾವು ಉರು ಹೊಡೆದ ಅದೇ ಪರಮಾಣು. ಕಾಲಕೆಳಗಿನ ಗಟ್ಟಿ ನೆಲ ಒಳಗೆ ಹೆಚ್ಚುಕಮ್ಮಿ ಖಾಲಿ ಅಂತ ವಿಜ್ಞಾನ ಹೇಳಿದರೆ ಮನುಷ್ಯನ ಮನಸ್ಸು ಎಲ್ಲಿ ನಿಲ್ಲಬೇಕು ಅನ್ನೋ ಅಂಜಿಕೆ ಅದರಲ್ಲಿದೆ. ಡಾಂಟೆಯ ನರಕ ಬರುತ್ತೆ. ಇಪ್ಪತ್ತನಾಲ್ಕನೇ ವಯಸ್ಸಿಗೆ ಎಡಿನ್‌ಬರೋದ ಹುಚ್ಚಾಸ್ಪತ್ರೆಯಲ್ಲಿ ಸತ್ತ ಹದಿನೆಂಟನೇ ಶತಮಾನದ ಸ್ಕಾಟ್ಸ್ ಕವಿ ರಾಬರ್ಟ್ ಫರ್ಗಸನ್ ಬರ್ತಾನೆ. ಪದ್ಯ ಎಲ್ಲಾ ಕಡೆ ಸಲೀಸಾಗಿ ಓಡುತ್ತೆ ಅಂತ ನಾನು ಹೇಳಲ್ಲ, ಕೆಲವು ಕಡೆ ಏದುಸಿರು ಕೇಳುತ್ತೆ. ಆದರೆ ಶಿಕ್ಷಣಕ್ಕೆ ಯೋಗ್ಯವಲ್ಲ ಅಂತ ಸರ್ಕಾರ ಬರೆದ ಭಾಷೆಯಲ್ಲಿ ಒಬ್ಬ ಸ್ಕೂಲ್ ಮೇಷ್ಟ್ರು ಪರಮಾಣುವಿನ ಬಗ್ಗೆ ಯೋಚನೆ ಮಾಡಿದರು. ನಾವು ಕನ್ನಡದವರು, ರಾಜ್ಯವಿಡೀ ಸರ್ಕಾರಿ ಭಾಷೆಯಾಗಿರೋ ಕನ್ನಡದಲ್ಲಿ, ವೈವಾದ ಒಂದು ಉತ್ತರವನ್ನಾದರೂ ಯೋಚಿಸಿದ್ದೀವಾ?

ನಿವೃತ್ತಿಯ ನಂತರ ಅವರು ಸೇರಿದ ಕೆಲಸ ನನಗೆ ತುಂಬಾ ಇಷ್ಟ. ಹಳೆಯ ಸ್ಕಾಟ್ಸ್ ಭಾಷೆಯ ದೊಡ್ಡ ನಿಘಂಟು ಎಡಿನ್‌ಬರೋದಲ್ಲಿ ಸಿದ್ಧವಾಗ್ತಿತ್ತು. 1931ರಲ್ಲಿ ಪ್ರಕಟಣೆ ಶುರುವಾಗಿ 2002ರಲ್ಲಿ ಹನ್ನೆರಡನೇ ಸಂಪುಟದೊಂದಿಗೆ ಮುಗಿದ ಯೋಜನೆ ಅದು. ಸೆಮಿಸ್ಟರ್ ಪ್ರಾಜೆಕ್ಟ್ ಡೆಡ್‌ಲೈನ್ ಬಗ್ಗೆ ಗೊಣಗೋರು ಈ ವರ್ಷಗಳನ್ನ ಇನ್ನೊಮ್ಮೆ ಓದಿ. ಗ್ಯಾರಿಯೋಖ್ ಅಲ್ಲಿ ಸಹಾಯಕರಾಗಿ ಸೇರಿದರು. ತಮ್ಮನ್ನ 'ಆರಾಮನ್' ಅಂತ ಕರೆದುಕೊಂಡರು. ನಮ್ಮ 'ಆರಾಮ' ಅಲ್ಲ! ಹೊಲ ತೋಟದಲ್ಲಿ ಇಂಥದ್ದೇ ಅಂತಿಲ್ಲದೆ ಚಿಲ್ಲರೆ ಕೆಲಸಕ್ಕೆಲ್ಲ ಇರೋ ಆಳಿಗೆ ಸ್ಕಾಟ್ಸ್‌ನಲ್ಲಿ ಹಾಗಂತಾರೆ. ಅವರಿಗಿಂತ ಹಿರಿಯರಾದ ಹ್ಯೂ ಮೆಕ್‌ಡಾಯರ್ಮಿಡ್ 1920ರ ದಶಕದಲ್ಲಿ ನಿಘಂಟಿನಿಂದ ಸತ್ತ ಪದಗಳನ್ನೆಲ್ಲ ಎತ್ತಿ, ಬೇರೆ ಬೇರೆ ಊರುಗಳ ಮಾತನ್ನ ಬೆರೆಸಿ ಒಂದು ಹೊಸ ಸ್ಕಾಟ್ಸ್ ಕಟ್ಟಿದ್ದರು. ದೊಡ್ಡ ಕವಿ, ಸಂಶಯವೇ ಇಲ್ಲ. ಗ್ಯಾರಿಯೋಖ್ ಬುನಾದಿ ಮಾತ್ರ ಎಡಿನ್‌ಬರೋದ ಆಡುಮಾತು. ಅದರ ಮೇಲೆ ಹಳೆಯ ಪದ ಬೇಕಾದಾಗ ಸೇರಿಸ್ತಿದ್ದರು, ಅಡುಗೆಯಲ್ಲಿ ಒಗ್ಗರಣೆ ಇದ್ದ ಹಾಗೆ. ನಾನು ಒಗ್ಗರಣೆಯ ಪಕ್ಷ.

ಪದ ಬದಲಿಸಿದರೆ ಭಾಷೆ ಆಗಲ್ಲ ಅನ್ನೋದಕ್ಕೆ ನಮ್ಮ ಕಾಲದ್ದೇ, ನಮ್ಮ ಬ್ರಾಂಚಿನದ್ದೇ ಒಂದು ಉದಾಹರಣೆ ಇದೆ. 2020ರಲ್ಲಿ ಸ್ಕಾಟ್ಸ್ ವಿಕಿಪೀಡಿಯದ ಗುಟ್ಟು ಬಯಲಾಯಿತು. ಅದರ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನಗಳು ಸ್ಕಾಟ್ಸ್ ಗೊತ್ತಿಲ್ಲದ ಒಬ್ಬ ಅಮೆರಿಕನ್ ಹುಡುಗನ ಕೈಬರಹ. ಹನ್ನೆರಡನೇ ವಯಸ್ಸಿಂದ, ಕೆಟ್ಟ ಉದ್ದೇಶವೇನೂ ಇಲ್ಲದೆ, ಇಂಗ್ಲಿಷ್ ವಾಕ್ಯ ಇಟ್ಟುಕೊಂಡು ಆನ್‌ಲೈನ್ ನಿಘಂಟಿನಿಂದ ಒಂದೊಂದೇ ಪದ ಬದಲಿಸಿದ್ದ. ವಾಕ್ಯದ ಬೆನ್ನುಮೂಳೆ ಇಂಗ್ಲಿಷ್, ಮೈಮೇಲೆ ಸ್ಕಾಟ್ಸ್ ಅಂಗಿ. ಭಾಷಾ ಮಾಡೆಲ್ ಟ್ರೈನ್ ಮಾಡೋರು ಡೇಟಾ ತೆಗೆದುಕೊಳ್ಳೋದು ಇಂಥ ಕಡೆಯಿಂದಲೇ ಅನ್ನೋದು ನೆನಪಿರಲಿ. ಹುಡುಗನನ್ನ ಬೈಯೋದು ಸುಲಭ. ನಾನು ಕೇಳೋದು, ಅಷ್ಟು ವರ್ಷ ಊರಿನ ಜನ ಎಲ್ಲಿದ್ದರು? 2011ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಜನ ತಮಗೆ ಸ್ಕಾಟ್ಸ್ ಮಾತಾಡೋಕೆ ಬರುತ್ತೆ ಅಂದಿದ್ದರು. ಮಾತಾಡೋರು ಬರೆಯದೇ ಬಿಟ್ಟ ಖಾಲಿ ಜಾಗವನ್ನ ಮಾತಾಡಲು ಬಾರದ ಹುಡುಗ ತುಂಬಿದ. 'ಇದು ಬರೆಯೋ ಭಾಷೆಯಲ್ಲ' ಅಂತ ನಾಲ್ಕು ತಲೆಮಾರಿಗೆ ಶಾಲೆ ಕಲಿಸಿದರೆ ಇನ್ನೇನಾಗುತ್ತೆ? 2025ರಲ್ಲಿ ಸ್ಕಾಟಿಷ್ ಸಂಸತ್ತು ಗೇಲಿಕ್ ಜೊತೆ ಸ್ಕಾಟ್ಸ್‌ಗೂ ಅಧಿಕೃತ ಸ್ಥಾನ ಕೊಡೋ ಕಾನೂನು ಪಾಸು ಮಾಡಿತು. ಸಂತೋಷ. ಆದರೆ ಕಾನೂನು ಬರೋ ಹೊತ್ತಿಗೆ ಕೈಯಲ್ಲಿ ಹಿಡಿದು ತೋರಿಸೋಕೆ ಪುಸ್ತಕ ಇದ್ದದ್ದು ಗ್ಯಾರಿಯೋಖ್‌ರಂಥವರು ಸುಮ್ಮನೆ ಕೂರದೇ ಇದ್ದದ್ದರಿಂದ.

ಈ ದಾರಿಗೆ ಬೆಲೆ ಕಟ್ಟಬೇಕು ಅನ್ನೋದನ್ನ ಮುಚ್ಚಿಡಲ್ಲ. ಗ್ಯಾರಿಯೋಖ್ ಪುಸ್ತಕದ ಜೊತೆ ಪದಕೋಶ ಇಟ್ಟುಕೊಳ್ಳದೆ ಓದೋದು ಕಷ್ಟ, ನಾನು ಓದಿದ್ದೂ ಹಾಗೆಯೇ, ಇಂಗ್ಲಿಷ್ ಅರ್ಥದ ಊರುಗೋಲು ಹಿಡಿದು. ಆಂಥನಿ ಬರ್ಜೆಸ್ ಕೂಡ ಬೆಲ್ಲಿಯ ಕೆಲವು ಸಾನೆಟ್‌ಗಳನ್ನ ಇಂಗ್ಲಿಷಿಗೆ ತಂದು 1977ರಲ್ಲಿ ಪ್ರಕಟಿಸಿದರು, ಹೊರಗಿನ ಲೋಕಕ್ಕೆ ಅವರ ಹೆಸರೇ ಹೆಚ್ಚು ಪರಿಚಯ. ಗ್ಯಾರಿಯೋಖ್‌ಗೆ ಸಿಕ್ಕಿದ್ದು ಎಡಿನ್‌ಬರೋದ ಲೇಖಕರ ಅಂಗಳದ ನೆಲದಲ್ಲಿ ಒಂದು ಕಲ್ಲು. ಅದರ ಮೇಲೆ ಅವರದೇ ಸಾಲು ಕೆತ್ತಿದ್ದಾರೆ. ದೊಡ್ಡ ಓದುಗವರ್ಗ ಬೇಕು ಅನ್ನೋದಾದರೆ ಶಿಷ್ಟ ಭಾಷೆಯೇ ಲಾಭ, ಲೆಕ್ಕ ಸರಿ. ಆದರೆ ನಮ್ಮದು ಕಾಲೇಜಿನ ಪತ್ರಿಕೆ. ಓದುಗರು ಹೆಚ್ಚೆಂದರೆ ಮೂರು ಹಾಸ್ಟೆಲ್ಲು, ಒಂದಷ್ಟು ಡೇ ಸ್ಕಾಲರ್‌ಗಳು, ಇಬ್ಬರು ಮೇಡಂ. ಪ್ರಯೋಗ ಮಾಡೋಕೆ ನಾವು ಹೆದರಿದರೆ ಇನ್ಯಾರು ಮಾಡ್ತಾರೆ?

ಅದಕ್ಕೇ ಸಂಪಾದಕ ಮಂಡಳಿಗೆ ನನ್ನ ಬೇಡಿಕೆ. ಅನುವಾದದ ಪುಟಕ್ಕೆ ಬರೋ ಬರಹದಲ್ಲಿ 'ಹೋಗಾಕ', 'ಹೋಪುಕೆ', 'ಹೋಗಕ್ಕೆ' ಅಂತ ಇದ್ದರೆ ಅದನ್ನ ಕಾಗುಣಿತ ತಪ್ಪು ಅಂತ ತಿದ್ದಬೇಡಿ. ಬರೆಯೋರಿಗೂ ಒಂದು ಮಾತು: ಇಂಗ್ಲಿಷ್ ವಾಕ್ಯ ಇಟ್ಟುಕೊಂಡು ಕೊನೆಗೆ 'ರೀ' ಸೇರಿಸಿದರೆ ಧಾರವಾಡ ಆಗಲ್ಲ, ಆ ವಿಕಿಪೀಡಿಯ ಹುಡುಗ ಮಾಡಿದ್ದೂ ಅದನ್ನೇ. ನಿಮ್ಮ ಅಜ್ಜಿ ಹೇಗೆ ಹೇಳ್ತಿದ್ದರು ಅಂತ ಫೋನ್ ಮಾಡಿ ಕೇಳಿ. ಅಚ್ಚಿಗೆ ಮೊದಲು ಆ ಊರಿನ ಇನ್ನೊಬ್ಬರು ಜೋರಾಗಿ ಓದಿ ನೋಡಲಿ. ಕಷ್ಟದ ಪದಗಳಿಗೆ ಕೆಳಗೆ ಅರ್ಥ ಕೊಟ್ಟರಾಯಿತು, ಗ್ಯಾರಿಯೋಖ್‌ಗೂ ಅದು ತಪ್ಪಿರಲಿಲ್ಲ.

ರಾಯಚೂರಿನವನಾದ ನನ್ನ ರೂಮ್‌ಮೇಟ್ ಈಗಾಗಲೇ ಬೆಲ್ಲಿಯ ಆ ಕಾಫಿ ಪದ್ಯಕ್ಕೆ ಕೈ ಹಾಕಿದಾನೆ. ನಾಲ್ಕು ಸಾಲಾಗಿದೆ, ಐದನೇದರಲ್ಲಿ ನಿಂತಿದಾನೆ. ಗ್ಯಾರಿಯೋಖ್ ಥರ ರೋಮ್‌ನ ಕಾಫಿ ಅಂಗಡಿಯನ್ನ ರೋಮ್‌ನಲ್ಲೇ ಬಿಡು ಅಂತ ನನ್ನ ವಾದ. ಅವನು ಬಿ.ಎಂ.ಶ್ರೀ ಪಾರ್ಟಿ. "ನಮ್ಮೂರಾಗ ಕಾಫಿ ಯಾರ್ ಬೀಸ್ತಾರಲೇ? ಗಿರಣ್ಯಾಗ ಜ್ವಾಳ ಹಾಕ್ಸಾಕ ಪಾಳಿ ಹಚ್ಚತಾರ" ಅಂತಾನೆ. ಕಾಫಿಯೋ ಜೋಳವೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಬಿ ಬ್ಲಾಕಿನ ಮೆಸ್ಸಲ್ಲಿ ರಾತ್ರಿ ಊಟದ ಹೊತ್ತಿಗೆ ನಾವಿಬ್ಬರೂ ಇರ್ತೀವಿ, ಅಭಿಪ್ರಾಯ ಇದ್ದವರು ತಟ್ಟೆ ಹಿಡ್ಕೊಂಡು ಬನ್ನಿ.